ಮುಳ್ಳು ಹೇಳೋದೆಲ್ಲಾ ಸುಳ್ಳಾ?

ಹಳೇ ಪಿಕಪ್ ಇಟ್ಟುಕೊಂಡಿರೋ ಯಾರನ್ನಾದ್ರೂ ಒಂದ್ಸಲ ಕೇಳಿ ನೋಡಿ, "ಮೀಟರೆಲ್ಲಾ ವರ್ಕ್ ಆಗುತ್ತಾ?" ಅಂತ. ನಿಮ್ಮನ್ನು ಮೇಲಿಂದ ಕೆಳಗೆ ನೋಡಿ, "ಗಾಡಿ ಓಡುತ್ತಲ್ಲ, ಇನ್ನೇನ್ ಬೇಕು?" ಅಂತಾರೆ. ಸ್ಪೀಡೋಮೀಟರ್ ಮುಳ್ಳು ಸೊನ್ನೆಯಲ್ಲೇ ತಪಸ್ಸಿಗೆ ಕೂತಿರುತ್ತೆ. ಡೀಸೆಲ್ ಮುಳ್ಳು ಫುಲ್ ಟ್ಯಾಂಕ್ ಹಾಕಿಸಿದ್ರೂ ಅರ್ಧಕ್ಕೇ ನಿಂತಿರುತ್ತೆ, ಖಾಲಿಯಾದ್ರೂ ಅರ್ಧಕ್ಕೇ. ಟೆಂಪರೇಚರ್ ಮುಳ್ಳಿನ ಮೇಲೆ ದೇವರ ಸ್ಟಿಕ್ಕರ್ ಅಂಟಿಸಿರ್ತಾರೆ. ಅದು ಒಂಥರಾ ಸರಿಯೇ ಅನ್ನಿ, ಆ ಇಂಜಿನ್ನನ್ನು ಕಾಯ್ತಾ ಇರೋದು ಆ ದೇವರೇ!

ಈ ವಿಷಯದಲ್ಲಿ ನನ್ನದೊಂದು ತಕರಾರಿದೆ. ಬಹಳ ದಿನದಿಂದ ತಲೆಯಲ್ಲಿ ಕೊರೀತಾ ಇತ್ತು, ಇವತ್ತು ಬರೆದು ಬಿಡೋಣ ಅಂತ ಕೂತೆ. ಮೀಟರ್ ಕೆಟ್ಟಾಗ ನಾವು ಮಾಡೋದು ಎರಡೇ ಕೆಲಸ. ಒಂದು, "ಇರ್ಲಿ ಬಿಡು" ಅಂತ ಹಾಗೇ ಓಡಿಸೋದು. ಇನ್ನೊಂದು, ಯಾರೋ ಹೇಳಿದ್ರು ಅಂತ ಪೂರ್ತಿ ಮೀಟರ್ ಬೋರ್ಡನ್ನೇ ಬಿಚ್ಚಿ ಬೇರೆ ಹಾಕಿಸೋದು. ಇವೆರಡರ ನಡುವೆ ಮೂರನೇದೊಂದಿದೆ: ಸುಳ್ಳು ಹೇಳ್ತಾ ಇರೋದು ಯಾರು ಅಂತ ಹುಡುಕೋದು. ಮುಳ್ಳಾ, ವೈರಾ, ಸೆನ್ಸರ್ರಾ, ಅಥವಾ ಯಾರೂ ಸುಳ್ಳು ಹೇಳ್ತಾ ಇಲ್ಲ, ಇಂಜಿನ್ನೇ ನಿಜವಾಗಿ ಹಾಗಿದ್ಯಾ? ಹಳೇ ಗಾಡಿಯಲ್ಲಿ ಇದಕ್ಕೆ ಅರ್ಧ ಗಂಟೆ ಸಾಕು. ಆದ್ರೂ ಯಾರೂ ಮಾಡಲ್ಲ. ಯಾಕೆ ಮಾಡಲ್ಲ ಅನ್ನೋದೇ ನನ್ನ ಈ ಬರಹದ ವಿಷಯ.

ಮೊದಲು "ಇರ್ಲಿ ಬಿಡು" ಪಾರ್ಟಿಗಳ ಬಗ್ಗೆ. ಡೀಸೆಲ್ ಮುಳ್ಳು ಸತ್ತರೆ ಇವರ ಹತ್ರ ಉಪಾಯ ಬೇಕಾದಷ್ಟಿದೆ. ಟ್ಯಾಂಕಿಗೆ ಗೆಣ್ಣಿನಿಂದ ಕುಟ್ಟಿ ಶಬ್ದದಲ್ಲೇ ಎಷ್ಟಿದೆ ಅಂತ ಹೇಳೋರನ್ನು ನಾನು ನೋಡಿದ್ದೀನಿ. ಹಲಸಿನ ಹಣ್ಣು ಕುಟ್ಟಿ ನೋಡಿದ ಹಾಗೆ. ನೆಟ್ಟಗೆ ಬಾಯಿರೋ ಟ್ಯಾಂಕಾದ್ರೆ ಕೋಲು ಇಳಿಸಿ ನೋಡೋದೂ ಉಂಟು. ಇದು ನಡೆಯುತ್ತೆ, ನಡೆಯಲ್ಲ ಅಂತಲ್ಲ. ಆದ್ರೆ ಹಳೇ ಡೀಸೆಲ್ ಗಾಡಿ ಪೂರ್ತಿ ಖಾಲಿಯಾಗಿ ನಿಂತರೆ ಐದು ಲೀಟರ್ ಕ್ಯಾನಲ್ಲಿ ತಂದು ಸುರಿದ್ರೆ ಸ್ಟಾರ್ಟ್ ಆಗಲ್ಲ ಸ್ವಾಮಿ. ಲೈನಿಗೆ ಗಾಳಿ ಹೋಗಿರುತ್ತೆ. ಫಿಲ್ಟರ್ ಹತ್ರದ ಬೋಲ್ಟು ಸಡಿಲ ಮಾಡಿ, ಕೈ ಪಂಪು ಒತ್ತಿ ಒತ್ತಿ, ಗುಳ್ಳೆ ಬರೋದು ನಿಲ್ಲೋ ತನಕ ಏರ್ ತೆಗೀಬೇಕು. ರಾತ್ರಿ ಹತ್ತಕ್ಕೆ ಮಳೆಯಲ್ಲಿ, ಮೊಬೈಲ್ ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು. ಅಷ್ಟೇ ಅಲ್ಲ, ಟ್ಯಾಂಕಿನ ತಳದ ಕೆಸರೆಲ್ಲಾ ಅವತ್ತೇ ಫಿಲ್ಟರಿಗೆ ಬಂದು ಕೂರುತ್ತೆ.

ಹೋಗಲಿ, ಡೀಸೆಲ್ ಖಾಲಿಯಾದ್ರೆ ನಿದ್ದೆ ಮತ್ತು ಮರ್ಯಾದೆ ಹೋಗುತ್ತೆ, ಇಂಜಿನ್ ಹೋಗಲ್ಲ. ಟೆಂಪರೇಚರ್ ಮುಳ್ಳಿನ ಕತೆಯೇ ಬೇರೆ. ಒಂದು ಸಂಗತಿ ತುಂಬಾ ಜನಕ್ಕೆ ಗೊತ್ತಿಲ್ಲ, ದಯವಿಟ್ಟು ಗಮನಿಸಿ. ಟೆಂಪರೇಚರ್ ಸೆನ್ಸರ್ ಅಳೆಯೋದು ತಾನು ಮುಳುಗಿರೋ ನೀರಿನ ಬಿಸಿಯನ್ನು. ಹೋಸ್ ಒಡೆದು ನೀರೆಲ್ಲಾ ಸೋರಿ ಹೋದ್ರೆ ಸೆನ್ಸರ್ ಗಾಳಿಯಲ್ಲಿ ನೇತಾಡುತ್ತೆ. ಆಗ ಮುಳ್ಳು ಮೇಲಕ್ಕೆ ಹೋಗೋ ಬದಲು ಕೆಳಗೆ ಇಳಿಯಬಹುದು! ಒಳಗೆ ಹೆಡ್ಡು ಬೇಯ್ತಾ ಇದೆ, ಹೊರಗೆ ಮುಳ್ಳು ತಣ್ಣಗಿದೆ ಅಂತ ತೋರಿಸ್ತಾ ಇದೆ. ಏರ್ತಾ ಏರ್ತಾ ಹೋದ ಮುಳ್ಳು ದಿಢೀರ್ ಅಂತ ಇಳಿದ್ರೆ "ಸದ್ಯ, ತಣ್ಣಗಾಯ್ತು" ಅಂತ ಖುಷಿ ಪಡಬೇಡಿ. ಗಾಡಿ ಪಕ್ಕಕ್ಕೆ ಹಾಕಿ, ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಮಾತ್ರ ಪೂರ್ತಿ ತಣ್ಣಗಾಗೋವರೆಗೆ ಮುಟ್ಟಬೇಡಿ, ಮುಖ ಸುಟ್ಟುಕೊಳ್ತೀರ.

ಈಗ ನೋಡಿ, ಮುಳ್ಳು ಯಾವಾಗ್ಲೂ ಕೆಳಗೇ ಬಿದ್ದಿರೋ ಗಾಡಿಯಲ್ಲಿ ಈ ಏರಿಳಿತ ಗೊತ್ತಾಗೋದಾದ್ರೂ ಹೇಗೆ?

ನಮ್ಮ ಚಿಕ್ಕಪ್ಪನದು 2001ರ ಮಾಡೆಲ್ ಡೀಸೆಲ್ ಪಿಕಪ್. ತೀರ್ಥಹಳ್ಳಿ ಕಡೆ ತೋಟ, ಅಡಿಕೆ ಮೂಟೆಯಿಂದ ಹಿಡಿದು ಮದುವೆ ಮನೆ ಪಾತ್ರೆವರೆಗೆ ಎಲ್ಲಾ ಅದರಲ್ಲೇ. 2024ರ ದೀಪಾವಳಿಗೆ ಊರಿಗೆ ಹೋದಾಗ ಟೆಂಪರೇಚರ್ ಮುಳ್ಳು ‘ಸಿ’ ಬಿಟ್ಟು ಮೇಲೇಳ್ತಾ ಇರ್ಲಿಲ್ಲ. "ಯಾವಾಗಿಂದ ಚಿಕ್ಕಪ್ಪಾ?" ಅಂದ್ರೆ, "ಎಂತದೂ ಆಗಲ್ಲ ಮಾರಾಯ, ಎರಡು ವರ್ಷ ಆಯ್ತು. ಬಿಸಿ ಆದ್ರೆ ನಂಗೆ ವಾಸನೇಲೇ ಗೊತ್ತಾಗ್ತದೆ" ಅಂದ್ರು. ಪೇಟೆಯ ಎಲೆಕ್ಟ್ರಿಷಿಯನ್ ಒಬ್ರಿಗೆ ತೋರಿಸಿದ್ದರಂತೆ. ಅವರು ಬಾನೆಟ್ ಕೂಡ ಎತ್ತದೆ "ಮೀಟರ್ ಹೋಗಿದೆ, ಬೋರ್ಡ್ ಚೇಂಜ್ ಮಾಡ್ಬೇಕು. ಹೊಸದು ಸಿಗಲ್ಲ, ಗುಜರಿಯಿಂದ ತರಿಸ್ತೀನಿ, ನಾಲ್ಕು ಸಾವಿರ ಆಗುತ್ತೆ" ಅಂದಿದ್ದರಂತೆ. ಚಿಕ್ಕಪ್ಪ ವಾಸನೆಯೇ ಸಾಕು ಅಂತ ವಾಪಸ್ ಬಂದಿದ್ದರು.

ನಾನು ಮೆಕ್ಯಾನಿಕ್ ಅಲ್ಲ, ಬೆಂಗಳೂರಲ್ಲಿ ಕೀಬೋರ್ಡ್ ಕುಟ್ಟೋನು. ಆದ್ರೆ ಈ ಹಳೇ ಮೀಟರಿನ ಸರ್ಕಿಟ್ ಎಷ್ಟು ಸರಳ ಅಂದ್ರೆ, ಹೈಸ್ಕೂಲ್ ವಿಜ್ಞಾನ ಸಾಕು. ಬ್ಯಾಟರಿಯಿಂದ ಕರೆಂಟು ಕೀ ಮೂಲಕ ಮೀಟರಿಗೆ ಬರುತ್ತೆ. ಮೀಟರಿಂದ ಒಂದೇ ಒಂದು ವೈರು ಇಂಜಿನ್ ಮೇಲಿನ ಸೆನ್ಸರಿಗೆ ಹೋಗುತ್ತೆ. ಸೆನ್ಸರ್ ಇಂಜಿನ್ನಿಗೇ ತಿರುಪಿಕೊಂಡಿರುತ್ತಲ್ಲ, ಅದರ ಮೈಯೇ ಅರ್ತ್. ಅಷ್ಟೇ. ಸೆನ್ಸರ್ ಒಳಗಿರೋ ವಸ್ತುವಿನ ಗುಣ ಏನಂದ್ರೆ ಬಿಸಿಯಾದ ಹಾಗೆ ಅದರ ರೆಸಿಸ್ಟೆನ್ಸ್ ಇಳಿಯುತ್ತೆ, ಕರೆಂಟು ಜಾಸ್ತಿ ಹರಿಯುತ್ತೆ, ಮುಳ್ಳು ಏರುತ್ತೆ. ಅಂದ್ರೆ ಸೆನ್ಸರಿನ ವೈರು ಕಳಚಿದ್ರೆ ಮುಳ್ಳು ‘ಸಿ’ಯಲ್ಲಿ ಬಿದ್ದಿರಬೇಕು. ಅದೇ ವೈರು ಇಂಜಿನ್ ಮೈಗೆ ತಾಗಿದ್ರೆ ‘ಎಚ್’ಗೆ ಹಾರಬೇಕು.

ಈ ಒಂದು ವಾಕ್ಯದಲ್ಲೇ ಪರೀಕ್ಷೆ ಇದೆ ನೋಡಿ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡೋದು ಬೇಡ. ಸೆನ್ಸರಿನ ವೈರು ಎಳೆದು, ಅದರ ತುದಿಯನ್ನು ಇಂಜಿನ್ನಿನ ಒಂದು ಚೊಕ್ಕ ಬೋಲ್ಟಿಗೆ ತಾಗಿಸಿ. ನೇರವಾಗಿ ತಾಗಿಸೋಕೆ ಹೆದರಿಕೆಯಾದ್ರೆ ನಡುವೆ ಒಂದು ಸಣ್ಣ ಇಂಡಿಕೇಟರ್ ಬಲ್ಬ್ ಹಾಕಿ, ಅದೇ ಒಳ್ಳೇದು. ಎರಡು ಮೂರು ಸೆಕೆಂಡ್ ಸಾಕು, ಇನ್ನೊಬ್ರು ಒಳಗೆ ಕೂತು ಮುಳ್ಳು ನೋಡ್ತಿರಬೇಕು. ನಾನು ಚಿಕ್ಕಪ್ಪನನ್ನೇ ಕೂರಿಸಿದ್ದೆ. ವೈರು ತಾಗಿಸ್ತಿದ್ದ ಹಾಗೇ ಒಳಗಿಂದ "ಏ! ಎದ್ತು! ಎದ್ತು!" ಅಂತ ಕೂಗಿದ್ರು, ಎರಡು ವರ್ಷದಿಂದ ಮಲಗಿದ್ದ ರೋಗಿ ಎದ್ದ ಹಾಗೆ.

ಮುಳ್ಳು ಎದ್ದಿತು ಅಂದ್ರೆ ಏನರ್ಥ? ಮೀಟರ್ ಸರಿ ಇದೆ. ಅಲ್ಲಿಂದ ಇಲ್ಲಿವರೆಗಿನ ವೈರೂ ಸರಿ ಇದೆ. ಆ ನಾಲ್ಕು ಸಾವಿರದ ಗುಜರಿ ಬೋರ್ಡು ಹಾಕಿಸಿದ್ದರೆ ಮುಳ್ಳು ಅದೇ ‘ಸಿ’ಯಲ್ಲೇ ಬಿದ್ದಿರ್ತಿತ್ತು. ಒಂದು ಅಡಿ ವೈರಿನಲ್ಲಿ ಅರ್ಧ ಅನುಮಾನ ಕಳೆದು ಹೋಯ್ತು. ಇನ್ನುಳಿದಿದ್ದು ಸೆನ್ಸರ್ ಮತ್ತು ಅದರ ಅರ್ತ್.

ಇಲ್ಲಿ ಬಹಳ ಜನ "ಹಾಗಾದ್ರೆ ಸೆನ್ಸರ್ ಹೋಗಿದೆ" ಅಂತ ಅಂಗಡಿಗೆ ಓಡ್ತಾರೆ. ಓಡಬೇಡಿ. ಇನ್ನೂರೈವತ್ತು ರೂಪಾಯಿಯ ಮಲ್ಟಿಮೀಟರ್ ತಗೊಂಡು ಎರಡು ಸಲ ಅಳೆಯಿರಿ. ಸೆನ್ಸರಿನ ತಲೆಯ ಪಿನ್ನಿಂದ ಅದರದೇ ಹಿತ್ತಾಳೆ ಮೈಗೆ ಒಂದ್ಸಲ. ಅದೇ ಪಿನ್ನಿಂದ ಬ್ಯಾಟರಿಯ ನೆಗೆಟಿವ್‌ಗೆ ಇನ್ನೊಂದ್ಸಲ. ಎರಡೂ ಹೆಚ್ಚು ಕಮ್ಮಿ ಒಂದೇ ಇರಬೇಕು. ನಮ್ಮದರಲ್ಲಿ ಮೊದಲನೇದು ತಣ್ಣಗಿದ್ದಾಗ ನಾನ್ನೂರು ಓಮ್ ಆಸುಪಾಸು ಬಂತು, ಅಂದ್ರೆ ಸೆನ್ಸರ್ ಜೀವಂತ. ಎರಡನೇದು ಏನೂ ಇಲ್ಲ, ಪೂರ್ತಿ ಓಪನ್! ಸೆನ್ಸರ್ ಚೆನ್ನಾಗಿದೆ, ಆದ್ರೆ ಅದು ತಿರುಪಿಕೊಂಡಿರೋ ಇಂಜಿನ್ನಿಗೂ ಅದಕ್ಕೂ ಮಾತುಕತೆ ಇಲ್ಲ. ಬಿಚ್ಚಿ ನೋಡಿದ್ರೆ ಗೊತ್ತಾಯ್ತು. ಯಾವತ್ತೋ ನೀರು ಜಿನುಗ್ತಿದೆ ಅಂತ ಯಾರೋ ಥ್ರೆಡ್ಡಿಗೆ ಪ್ಲಂಬರ್‌ಗಳು ನಲ್ಲಿಗೆ ಸುತ್ತೋ ಬಿಳಿ ಟೇಪನ್ನು ಏಳೆಂಟು ಸುತ್ತು ಹಾಕಿದ್ದಾರೆ. ನೀರು ನಿಂತಿದೆ, ಜೊತೆಗೆ ಕರೆಂಟೂ ನಿಂತಿದೆ. ಟೇಪ್ ಕಿತ್ತು, ವೈರ್ ಬ್ರಷ್ಷಲ್ಲಿ ಥ್ರೆಡ್ ಉಜ್ಜಿ, ವಾಪಸ್ ಹಾಕಿ, ಸೋರಿದ ನೀರು ತುಂಬಿಸಿದೆವು. ಒಟ್ಟು ಖರ್ಚು ಸೊನ್ನೆ. (ಇದನ್ನೆಲ್ಲಾ ಇಂಜಿನ್ ತಣ್ಣಗಿದ್ದಾಗ ಮಾತ್ರ ಮಾಡಿ, ಹೇಳಿಲ್ಲ ಅನ್ನಬೇಡಿ.)

ಇಷ್ಟಕ್ಕೆ ಕತೆ ಮುಗಿದಿದ್ದರೆ ನಾನು ಬರೀತಾನೂ ಇರ್ಲಿಲ್ಲ. ಎರಡು ದಿನ ಬಿಟ್ಟು ಹೆಬ್ರಿ ಕಡೆಯಿಂದ ತೆಂಗಿನಕಾಯಿ ಲೋಡು ಹಾಕಿಕೊಂಡು ಆಗುಂಬೆ ಘಾಟಿ ಹತ್ತುತ್ತಾ ಇದ್ದೆವು. ಹದಿನಾಲ್ಕು ಹೇರ್‌ಪಿನ್ ತಿರುವಲ್ಲಿ ಇನ್ನೂ ಐದೋ ಆರೋ ದಾಟಿದ್ದೆವು, ಮುಳ್ಳು ಮುಕ್ಕಾಲು ದಾಟಿ ‘ಎಚ್’ ಕಡೆ ಹೊರಟಿತು. "ನೀ ರಿಪೇರಿ ಮಾಡಿದ್ದು ಸರಿ ಇಲ್ಲ ಮಾರಾಯ, ಸುಳ್ಳು ತೋರಿಸ್ತದೆ" ಅಂದ್ರು ಚಿಕ್ಕಪ್ಪ. ವಾಸನೆ ಏನೂ ಬರ್ತಾ ಇರ್ಲಿಲ್ಲ. ಆದ್ರೂ ಜಾಗ ಇರೋ ಕಡೆ ನಿಲ್ಲಿಸಿ ಬಾನೆಟ್ ಎತ್ತಿದ್ರೆ ಕುದಿಯೋ ಸದ್ದು ಕೇಳ್ತಾ ಇತ್ತು. ಮುಕ್ಕಾಲು ಗಂಟೆ ಮಂಗಗಳ ಜೊತೆ ಕೂತಿದ್ದು, ಮೆಲ್ಲಗೆ ಹತ್ತಿಸಿಕೊಂಡು ಬಂದ್ವಿ. ಮನೆಗೆ ಬಂದು ನೋಡಿದ್ರೆ ರೇಡಿಯೇಟರಿನ ರೆಕ್ಕೆಗಳ ನಡುವೆ ತೋಟದ ಕೆಸರು, ಒಣಹುಲ್ಲು, ಹುಳ ಎಲ್ಲಾ ಸೇರಿ ಗೋಡೆ ಕಟ್ಟಿದ ಹಾಗಿತ್ತು. ಇಂಜಿನ್ ಕಡೆಯಿಂದ ಹೊರಗಡೆಗೆ ನೀರು ಬಿಟ್ಟು ತೊಳೆದಾಗ ಒಂದು ಬುಟ್ಟಿ ಗೊಬ್ಬರ ಆಗೋಷ್ಟು ಬಂತು. ಎಷ್ಟು ಘಾಟಿ ಹೀಗೇ ಕುದೀತಾ ಹತ್ತಿತ್ತೋ ಆ ಗಾಡಿ! ಹೆಡ್ ಗ್ಯಾಸ್ಕೆಟ್ ಹೋಗದೇ ಇದ್ದಿದ್ದು ನಮ್ಮ ಪುಣ್ಯ.

ಈಗ ಯಾಕೆ ಯಾರೂ ಹುಡುಕಲ್ಲ ಅನ್ನೋ ಪ್ರಶ್ನೆಗೆ ಬರ್ತೀನಿ. ಆ ಎಲೆಕ್ಟ್ರಿಷಿಯನ್ ಮೇಲೆ ಕೋಪ ಮಾಡಿಕೊಳ್ಳೋದು ಸುಲಭ. ಆದ್ರೆ ಒಂದು ನಿಮಿಷ ಅವರ ಜಾಗದಲ್ಲಿ ನಿಂತು ಯೋಚಿಸಿ. ಅವರು ಒಂದು ಗಂಟೆ ಬಗ್ಗಿ ಹುಡುಕಿ, ಟೇಪು ಕಿತ್ತು ಹಾಕಿ, "ಸರಿಯಾಯ್ತು, ಐನೂರು ಕೊಡಿ" ಅಂದಿದ್ರೆ ನಮ್ಮ ಚಿಕ್ಕಪ್ಪ ಕೊಡ್ತಿದ್ರಾ? "ಟೇಪು ಕೀಳೋಕೆ ಐನೂರಾ? ಐವತ್ತು ತಗೋ" ಅಂತಿದ್ರು. ಅದೇ ಹೊಸ ಸಾಮಾನು ಕೈಯಲ್ಲಿ ಹಿಡಿದು ತೋರಿಸಿದ್ರೆ ಸಾವಿರ ಎಣಿಸಿ ಕೊಡ್ತೀವಿ. ನಾವು ದುಡ್ಡು ಕೊಡೋದು ಸಾಮಾನಿಗೆ, ಹುಡುಕಿದ ತಲೆಗಲ್ಲ. ಹಾಗಾಗಿ ಹುಡುಕೋ ವಿದ್ಯೆ ಗೊತ್ತಿದ್ದವರೂ ಅದನ್ನು ಬಿಟ್ಟು ಸಾಮಾನು ಬದಲಾಯಿಸೋದನ್ನೇ ಕಲಿತರು. ತಮಾಷೆ ಏನಂದ್ರೆ, ನಾವು ಸಾಫ್ಟ್‌ವೇರ್ ಮಂದಿ ಮೂರು ದಿನ ಹುಡುಕಿ ಒಂದು ಕಾಮಾ ತೆಗೆದ್ರೂ ತಿಂಗಳ ಕೊನೆಗೆ ಸಂಬಳ ಪೂರ್ತಿ ಬರುತ್ತೆ! ಯಾರೂ "ಕಾಮಾ ತೆಗೆಯೋಕೆ ಇಷ್ಟಾ?" ಅಂತ ಕೇಳಲ್ಲ. ಮೆಕ್ಯಾನಿಕ್ಕಿಗೆ ಮಾತ್ರ ಬೇರೆ ನ್ಯಾಯ ಯಾಕೆ?

ನನ್ನ ಮಟ್ಟಿಗೆ ನಾನು ಈಗ ಗ್ಯಾರೇಜಿಗೆ ಹೋದ ಕೂಡಲೇ ಹೇಳಿಬಿಡ್ತೀನಿ, "ಹುಡುಕೋಕೆ ಇಷ್ಟು ಕೊಡ್ತೀನಿ, ಸಾಮಾನು ಬೇಕೋ ಬೇಡ್ವೋ ಆಮೇಲೆ ನೋಡೋಣ" ಅಂತ. ಮೊದಲ ಸಲ ಒಬ್ರು ನನ್ನನ್ನು ಹುಚ್ಚನ ಥರ ನೋಡಿದ್ರು. ಆಮೇಲೆ ಸ್ಟೂಲ್ ಎಳೆದುಕೊಂಡು ಕೂತು, ಯಾವ ವೈರು ಎಲ್ಲಿಗೆ ಹೋಗುತ್ತೆ ಅಂತ ನನಗೇ ಪಾಠ ಮಾಡಿದ್ರು. ಒಂದು ಮುಳ್ಳು ಕೆಟ್ಟರೆ ಆ ಮುಳ್ಳಿನ ದಾರಿ ಹುಡುಕು, ಎರಡು ಮುಳ್ಳು ಒಟ್ಟಿಗೆ ಕೆಟ್ಟರೆ ಎರಡಕ್ಕೂ ಸೇರಿದ ಜಾಗ ಹುಡುಕು ಅಂತ ಹೇಳಿಕೊಟ್ಟಿದ್ದು ಅವರೇ. ಹಳೇ ಕಾಲದ ಗಾಡಿಗಳಲ್ಲಿ ಮೀಟರ್ ಹಿಂದೆ ಒಂದು ಪುಟ್ಟ ವೋಲ್ಟೇಜ್ ಸ್ಟೆಬಿಲೈಸರ್ ಇರ್ತಿತ್ತು, ಬ್ರಿಟಿಷ್ ಮೂಲದ ಗಾಡಿಗಳಲ್ಲಿ 10 ವೋಲ್ಟಿನದು. ಅದು ಕೈಕೊಟ್ಟು ಬ್ಯಾಟರಿಯ ಪೂರ್ತಿ ವೋಲ್ಟೇಜ್ ಬಿಟ್ಟರೆ ಡೀಸೆಲ್ಲೂ ಜಾಸ್ತಿ, ಬಿಸಿಯೂ ಜಾಸ್ತಿ ತೋರಿಸುತ್ತೆ. ಇನ್ನು ರಾತ್ರಿ ಹೆಡ್‌ಲೈಟ್ ಹಾಕಿದ ಕೂಡಲೇ ಮುಳ್ಳು ಜರುಗಿದ್ರೆ, ಅಥವಾ ಇಂಡಿಕೇಟರ್ ಟಿಕ್ ಟಿಕ್ ಅಂದ ಹಾಗೆ ಡೀಸೆಲ್ ಮುಳ್ಳೂ ತಾಳ ಹಾಕಿದ್ರೆ, ಮೊದಲು ಅರ್ತ್ ವೈರು ನೋಡಿ. ಮೀಟರ್ ಬೋರ್ಡಿನ ಅಥವಾ ಟ್ಯಾಂಕಿನ ಅರ್ತ್ ತುಕ್ಕು ಹಿಡಿದಿರುತ್ತೆ. ಮಲೆನಾಡಿನ ಮಳೆಗೆ ತುಕ್ಕು ಹಿಡಿಯದ್ದು ಯಾವುದಿದೆ ಹೇಳಿ.

ಕಂಪನಿಗಳದೂ ಇದರಲ್ಲಿ ಪಾಲಿದೆ. ಅಮೆರಿಕದಲ್ಲಿ ಫೋರ್ಡ್ 1980ರ ದಶಕದ ಕೊನೆಯ ಹೊತ್ತಿಗೆ ತನ್ನ ಎಫ್-ಸೀರೀಸ್ ಪಿಕಪ್‌ಗಳಲ್ಲಿ ಆಯಿಲ್ ಪ್ರೆಶರ್ ಅಳೆಯೋ ನಿಜವಾದ ಸೆನ್ಸರ್ ತೆಗೆದು ಬರೀ ಒಂದು ಸ್ವಿಚ್ಚು ಹಾಕಿತು. ಒಂದಿಷ್ಟು ಕನಿಷ್ಠ ಪ್ರೆಶರ್ ಇದ್ರೆ ಸಾಕು, ಮುಳ್ಳು ನಡುಮಧ್ಯೆ ಬಂದು ಗಂಭೀರವಾಗಿ ನಿಂತು ಬಿಡುತ್ತೆ. ಇಂಜಿನ್ ಸ್ಥಿತಿ ಹೇಗೇ ಇರ್ಲಿ! ಮಜ್ದಾ ಕೂಡ ತನ್ನ ಮಿಯಾಟಾ ಕಾರಿನಲ್ಲಿ 1995ರಿಂದ ಇದನ್ನೇ ಮಾಡಿತು. ಮುಳ್ಳು ಮೇಲೆ ಕೆಳಗೆ ಆಡೋದು ನೋಡಿ ಜನ ಗಾಬರಿಯಾಗ್ತಾರೆ ಅನ್ನೋದು ಇಂಥದ್ದಕ್ಕೆ ಸಾಮಾನ್ಯವಾಗಿ ಕೊಡೋ ಸಮಜಾಯಿಷಿ. ಈಗಿನ ಎಷ್ಟೋ ಕಾರುಗಳ ಟೆಂಪರೇಚರ್ ಮುಳ್ಳೂ ಹಾಗೇ, ಎಂಬತ್ತು ಡಿಗ್ರಿಗೂ ನಡುಮಧ್ಯೆ, ನೂರು ಡಿಗ್ರಿಗೂ ನಡುಮಧ್ಯೆ. ನನಗೆ ಇದು ಅವಮಾನ ಅನ್ಸುತ್ತೆ. ದೀಪ ಮಾತ್ರ ಇಡ್ತೀನಿ ಅಂದ್ರೆ ದೀಪ ಇಡಿ, ಅದರಲ್ಲಿ ಮೋಸ ಇಲ್ಲ. ಕೀ ಆನ್ ಮಾಡಿದಾಗ ಒಮ್ಮೆ ಹೊತ್ತಿ ತಾನು ಬದುಕಿದ್ದೀನಿ ಅಂತಾದ್ರೂ ತೋರಿಸುತ್ತೆ. ಅಂಕಿ, ಗೆರೆ ಎಲ್ಲಾ ಬರೆದು ಮುಳ್ಳಿನ ವೇಷದಲ್ಲಿ ದೀಪ ಕೂರಿಸೋದು ಯಾಕೆ? ಮುಳ್ಳು ನೋಡಬೇಕಾಗಿಲ್ಲ ಅನ್ನೋ ಅಭ್ಯಾಸ ಕಲಿಸಿದ್ದೇ ಇಂಥವು.

ಹಾಂ, ಇನ್ನೊಂದು ಮಾತು. ಮುಳ್ಳು ಕೆಳಗಿದೆ ಅಂದ ಮಾತ್ರಕ್ಕೆ ಅದು ಕೆಟ್ಟಿದೆ ಅಂತಲೂ ಅಲ್ಲ. ನಮ್ಮ ಕಡೆ ಗಾಡಿ ಬಿಸಿಯಾಗುತ್ತೆ ಅಂದ ಕೂಡಲೇ ಥರ್ಮೋಸ್ಟಾಟ್ ವಾಲ್ವನ್ನೇ ಕಿತ್ತು ಬಿಸಾಕೋ ಮಹಾನುಭಾವರಿದ್ದಾರೆ. ಅಂಥ ಇಂಜಿನ್ ನಿಜವಾಗಿಯೂ ಬೇಕಾದಷ್ಟು ಬಿಸಿಯಾಗಲ್ಲ, ಡೀಸೆಲ್ ಜಾಸ್ತಿ ಕುಡಿಯುತ್ತೆ, ಮುಳ್ಳು ಕೆಳಗೇ ಇರುತ್ತೆ. ಮುಳ್ಳು ಹೇಳ್ತಿರೋದು ಸತ್ಯವೇ! ಅದಕ್ಕೇ ನೀರಿನ ಬಿಸಿಯನ್ನು ಬೇರೆ ದಾರಿಯಲ್ಲೂ ಒಮ್ಮೆ ಅಳೆದು ನೋಡಬೇಕು. ಚಿಕ್ಕಪ್ಪ 2020ರ ಕೊರೋನಾ ಕಾಲದಲ್ಲಿ ತಂದ ಹಣೆಗೆ ಹಿಡಿಯೋ ಗನ್ ತಂದು ಕೊಟ್ರು. ಅದು ಜ್ವರಕ್ಕೆ ಅಂತ ಮಾಡಿದ್ದು, ನಲವತ್ಮೂರು ಡಿಗ್ರಿ ದಾಟಿದ್ರೆ ‘ಹೈ’ ಅಂತ ಕೈ ಎತ್ತಿಬಿಡುತ್ತೆ :-) ಇಂಜಿನ್ನಿಗೆ ಅಂತಲೇ ಬೇರೆ ಗನ್ ಸಿಗುತ್ತೆ, ಸಾವಿರದ ಒಳಗೆ.

ನಾನು ಹೇಳಿದ ವೈರು ತಾಗಿಸೋ ಪರೀಕ್ಷೆ ಒಂದೇ ವೈರಿನ ಸೆನ್ಸರಿರೋ ಹಳೇ ಗಾಡಿಗೆ ಮಾತ್ರ. ಹೊಸ ಗಾಡಿಗಳಲ್ಲಿ ಸೆನ್ಸರ್ ಮಾತಾಡೋದು ಇಸಿಯು ಜೊತೆ, ಮೀಟರಿಗೆ ಸುದ್ದಿ ಹೋಗೋದು ಅಲ್ಲಿಂದ. ಅಂಥದ್ದರಲ್ಲಿ ಸಿಕ್ಕ ಸಿಕ್ಕ ವೈರು ಬಾಡಿಗೆ ತಾಗಿಸಿದ್ರೆ ಆಮೇಲೆ ಬರೋ ಬಿಲ್ಲಿಗೆ ನಾನು ಜವಾಬ್ದಾರನಲ್ಲ. ಪೆಟ್ರೋಲ್ ಗಾಡಿಯ ಟ್ಯಾಂಕಿನ ಹತ್ರ ಕಿಡಿ ಹಾರಿಸೋ ಪ್ರಯೋಗವಂತೂ ಬೇಡವೇ ಬೇಡ. ಇನ್ನು ಡೀಸೆಲ್ ಮುಳ್ಳಿನ ವೈರು ಅರ್ತ್ ಮಾಡಿದಾಗ ಕೆಲವು ಗಾಡಿಯಲ್ಲಿ ಫುಲ್ ತೋರಿಸುತ್ತೆ, ಕೆಲವದರಲ್ಲಿ ಖಾಲಿ. ಅಮೆರಿಕದಲ್ಲೇ ಹಳೇ ಫೋರ್ಡ್‌ನಲ್ಲಿ ಖಾಲಿ ಟ್ಯಾಂಕಿಗೆ 73 ಓಮ್, ತುಂಬಿದ್ರೆ 10. ಹಳೇ ಜಿಎಂ ಗಾಡಿಯಲ್ಲಿ ಉಲ್ಟಾ, ಖಾಲಿಗೆ ಸೊನ್ನೆ, ತುಂಬಿದ್ರೆ 90. ಮುಳ್ಳು ಈ ತುದಿಯಿಂದ ಆ ತುದಿಗೆ ಓಡಾಡ್ತಾ ಅನ್ನೋದಷ್ಟೇ ನೋಡಿ, ಗುಜರಿ ಫ್ಲೋಟ್ ತರೋದಾದ್ರೆ ಈ ಲೆಕ್ಕ ನೋಡಿಕೊಂಡೇ ತನ್ನಿ.

ಚಿಕ್ಕಪ್ಪನ ಗಾಡಿಯ ಡೀಸೆಲ್ ಮುಳ್ಳು ಇನ್ನೂ ಅರ್ಧದಲ್ಲೇ ನಿಂತಿದೆ. ಅದನ್ನೂ ಪರೀಕ್ಷೆ ಮಾಡಿ ಆಯ್ತು. ಮೀಟರ್ ಸರಿ, ವೈರು ಸರಿ, ಟ್ಯಾಂಕಿನೊಳಗಿನ ಫ್ಲೋಟ್ ಕಡ್ಡಿ ಸಿಕ್ಕಿಹಾಕಿಕೊಂಡಿದೆ. ಟ್ಯಾಂಕ್ ಕೆಳಗಿಳಿಸಬೇಕು, ಅದಕ್ಕೆ ಮೊದಲು ಡೀಸೆಲ್ ಖಾಲಿ ಮಾಡಬೇಕು. ಎಷ್ಟು ಖಾಲಿಯಾಗಿದೆ ಅಂತ ಗೊತ್ತಾಗೋದಕ್ಕೆ ಮುಳ್ಳು ಇಲ್ಲ! ಸದ್ಯಕ್ಕೆ ಟ್ರಿಪ್ ಮೀಟರ್ ನೋಡಿ ಲೆಕ್ಕ ಬರೆದಿಡೋಕೆ ಒಂದು ಪುಸ್ತಕ ಕೊಟ್ಟು ಬಂದಿದ್ದೀನಿ. ಹೋದ ವಾರ ಫೋನ್ ಮಾಡಿ ಕೇಳಿದ್ರೆ, "ಪುಸ್ತಕದಲ್ಲಿ ನಿಮ್ಮ ಚಿಕ್ಕಮ್ಮ ಹಾಲಿನ ಲೆಕ್ಕ ಬರೀತಾ ಇದ್ದಾಳೆ ಮಾರಾಯ" ಅಂದ್ರು.